ಬೇಸಿಗೆ ರಜೆಯ ಆರು ಶನಿವಾರ: ಮಕ್ಕಳಿಗೆ ಮೊದಲು ಬ್ರಹ್ಮಾಂಡ ಹೇಳಬೇಕಾ, ಜೀನ್ ಹೇಳಬೇಕಾ?

ಕಾಪು ಟೀಚರ್ · ಶುಕ್ರವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಕಾಪುವಿನ ಹತ್ತಿರ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ರಜೆಯಲ್ಲಿ ಊರಿನ ಗ್ರಂಥಾಲಯದಲ್ಲಿ ಶನಿವಾರ ಎರಡು ಗಂಟೆ ಮಕ್ಕಳ ಜೊತೆ ಕೂತು ವಿಜ್ಞಾನ ಮಾತಾಡೋಣ ಎಂದು ಇಟ್ಟುಕೊಂಡಿದ್ದೇವೆ. ಎಂಟರಿಂದ ಹತ್ತನೇ ತರಗತಿಯವರು, ಹದಿನೆಂಟು ಮಕ್ಕಳು. ಪರೀಕ್ಷೆ ಇಲ್ಲ, ನೋಟ್ಸ್ ಇಲ್ಲ. ಒಟ್ಟು ಆರು ಶನಿವಾರ ಸಿಗುತ್ತದೆ.

ಮೊನ್ನೆ ಒಂದು ಡಬ್ಬ ಇಟ್ಟು, ನಿಮಗೆ ಎಂತ ತಿಳಿಯಬೇಕು, ಚೀಟಿಯಲ್ಲಿ ಬರೆದು ಹಾಕಿ ಎಂದೆ. ಬಂದ ಚೀಟಿಗಳಲ್ಲಿ ಕೆಲವು:

"ಬಿಗ್ ಬ್ಯಾಂಗ್ ಆದ ಜಾಗ ಈಗ ಎಲ್ಲಿ ಉಂಟು?"
"ಅಪ್ಪ ಅಮ್ಮ ಇಬ್ಬರದೂ ಎ ಗ್ರೂಪ್. ನನ್ನದು ಮಾತ್ರ ಒ. ಯಾಕೆ?"
"ನನ್ನ ಮೂಗು ಅಜ್ಜನ ಹಾಗೆ ಉಂಟು, ಅಣ್ಣನದ್ದು ಇಲ್ಲ."
"ಮಂಗನಿಂದ ಮನುಷ್ಯ ಆದದ್ದಾದರೆ ಮಂಗ ಇನ್ನೂ ಯಾಕೆ ಉಂಟು?"

ನನ್ನ ಮನಸ್ಸಿನಲ್ಲಿ ಇರುವುದು ಕಾಲದ ಕ್ರಮ. ಬ್ರಹ್ಮಾಂಡ ಮೊದಲು, ಆಮೇಲೆ ನಕ್ಷತ್ರ, ಭೂಮಿ, ಜೀವ, ಕೊನೆಗೆ ಅಪ್ಪ ಅಮ್ಮನ ಗುಣ ಮಕ್ಕಳಿಗೆ ದಾಟಿಸುವ ಜೀನ್. ನನ್ನ ಜೊತೆ ಕಲಿಸುವವರು ಬೇಡವೇ ಬೇಡ ಎನ್ನುತ್ತಾರೆ. ಮಕ್ಕಳ ಕೈಗೆ ಸಿಗುವುದು ಅವರ ಮೂಗು, ಅವರ ರಕ್ತ, ಅಲ್ಲಿಂದಲೇ ಶುರು ಮಾಡಬೇಕಂತೆ. ನಾಲ್ಕು ದಿನದಿಂದ ಇದೇ ಚರ್ಚೆ. ನೀವು ಎಂತ ಹೇಳುತ್ತೀರಿ? ನಮ್ಮ ಕಡೆಯ ಉದಾಹರಣೆ ಇದ್ದರೆ ದಯವಿಟ್ಟು ಕೊಡಿ. ಜೀನ್‌ಗೆ ನಾಲಿಗೆ ಮಡಚುವುದನ್ನು ತೋರಿಸುತ್ತೇನೆ ಎಂದುಕೊಂಡಿದ್ದೇನೆ.

ಹಂಪನಕಟ್ಟೆ ಫಿಸಿಕ್ಸ್ · ರಾತ್ರಿ 9:30

ಬ್ರಹ್ಮಾಂಡವೇ ಮೊದಲು. ಮಕ್ಕಳಿಗೆ ಕಾಲದ ಅಳತೆ ಕೂರದೆ ಬೇರೆ ಏನು ಹೇಳಿದರೂ ಗಾಳಿಯಲ್ಲಿ ಉಳಿಯುತ್ತದೆ. ಬ್ರಹ್ಮಾಂಡದ ವಯಸ್ಸು 1380 ಕೋಟಿ ವರ್ಷ ಎಂದರೆ ಅವರಿಗೆ ಬರೀ ಸೊನ್ನೆಗಳು.

ನಾನು ಮಾಡುವುದು ಹೀಗೆ. ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವುದು ಎಲ್ಲ ಮಕ್ಕಳಿಗೂ ಗೊತ್ತು. ಸುಮಾರು 55 ಕಿಲೋಮೀಟರ್. ಮಂಗಳೂರಿನಲ್ಲಿ ಬಸ್ ಹೊರಟದ್ದು ಬಿಗ್ ಬ್ಯಾಂಗ್, ಅಂದರೆ ಬ್ರಹ್ಮಾಂಡ ಶುರುವಾದದ್ದು, ಉಡುಪಿ ಸ್ಟ್ಯಾಂಡಿನಲ್ಲಿ ಇಳಿಯುವುದು ಇವತ್ತು. ಆಗ ಒಂದು ಕಿಲೋಮೀಟರಿಗೆ 25 ಕೋಟಿ ವರ್ಷ ಬರುತ್ತದೆ. ಈಗ ಬಸ್ ಬಿಡಿ. ಸುರತ್ಕಲ್ ದಾಟಿತು, ಭೂಮಿ ಇಲ್ಲ. ಮೂಲ್ಕಿ ದಾಟಿತು, ಇನ್ನೂ ಇಲ್ಲ. ಪಡುಬಿದ್ರಿಯೂ ಹೋಯಿತು. ಉಡುಪಿಗೆ 18 ಕಿಲೋಮೀಟರ್ ಇದೆ ಎನ್ನುವಾಗ, ಉಚ್ಚಿಲದ ಹತ್ತಿರ, ಭೂಮಿ ಹುಟ್ಟುತ್ತದೆ. ಸುಮಾರು 350 ಕೋಟಿ ವರ್ಷದ ಹಿಂದಿನ ಮೊದಲ ಜೀವಿಗಳ ಗುರುತು ಎಲ್ಲಿ ಗೊತ್ತಾ? ನಿಮ್ಮ ಕಾಪುವಿನಲ್ಲಿ! ಡೈನೋಸಾರ್ ಕಥೆ ಮುಗಿಯುವುದು ಉಡುಪಿ ಸ್ಟ್ಯಾಂಡಿಗೆ ಇನ್ನು 260 ಮೀಟರ್ ಇರುವಾಗ. ನಮ್ಮಂಥ ಮನುಷ್ಯರು ಬಂದು 3 ಲಕ್ಷ ವರ್ಷ ಆಯಿತು. ಅದು 1.2 ಮೀಟರ್, ಬಸ್ಸಿನ ಬಾಗಿಲಿನಿಂದ ಒಂದು ದೊಡ್ಡ ಹೆಜ್ಜೆ.

ಮೂಲ್ಕಿ ಅಮ್ಮ · ರಾತ್ರಿ 9:41

ಮೂಲ್ಕಿ ದಾಟಿದರೂ ಭೂಮಿಯೇ ಇಲ್ಲ! ಮಗನಿಗೆ ಓದಿ ಹೇಳಿದೆ. ಅವನು ಈಗ ಲೆಕ್ಕ ಹಾಕುತ್ತಾ ಕೂತಿದ್ದಾನೆ.

ರಕ್ತಪರೀಕ್ಷೆ ಲ್ಯಾಬ್ · ರಾತ್ರಿ 10:05

ಟೀಚರ್, ನಾನು ನಿಮ್ಮ ಜೊತೆಯವರ ಪಕ್ಷ. ಆ ಒ ಗ್ರೂಪಿನ ಚೀಟಿ ಹಾಕಿದ ಮಗುವಿಗೆ ಮೊದಲು ಉತ್ತರ ಕೊಡಿ. ಬಿಗ್ ಬ್ಯಾಂಗ್ ಒಂದು ವಾರ ಕಾಯಬಹುದು. ಆ ಮಗು ಕಾಯುವುದು ಕಷ್ಟ.

ಉತ್ತರ ಸುಲಭ. ಪ್ರತಿಯೊಬ್ಬರಲ್ಲೂ ಗ್ರೂಪಿನ ಜೀನ್ ಎರಡು ಪ್ರತಿ ಇರುತ್ತದೆ. ಒಂದು ಅಪ್ಪನದು, ಒಂದು ಅಮ್ಮನದು. ಎ ಗ್ರೂಪ್ ಎಂದರೆ ಎರಡೂ ಎ ಇರಬಹುದು, ಒಂದು ಎ ಒಂದು ಒ ಕೂಡ ಇರಬಹುದು. ಅಪ್ಪ ಅಮ್ಮ ಇಬ್ಬರೂ ಎರಡನೇ ತರದವರಾದರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಒ ಆಗುವ ಸಾಧ್ಯತೆ ಇದೆ. ಮಕ್ಕಳ ಕೈಗೆ ಎರಡೆರಡು ನಾಣ್ಯ ಕೊಟ್ಟು ಚಿಮ್ಮಿಸಿ. ಎರಡೂ ಸಂಖ್ಯೆಯ ಬದಿ ಬಿದ್ದರೆ ಮಾತ್ರ ಒ. ಹತ್ತು ಹತ್ತು ಸಲ ಚಿಮ್ಮಿಸಿ ಎಣಿಸಿದರೆ ಅವರಿಗೇ ಕಾಣುತ್ತದೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. "ಮನೆಯವರ ಗ್ರೂಪ್ ಎಲ್ಲ ಬರೆದುಕೊಂಡು ಬನ್ನಿ" ಎಂದು ಮಾತ್ರ ಹೇಳಬೇಡಿ. ನಮ್ಮ ಸಂಬಂಧಿಕರ ಮನೆಯಲ್ಲಿ ಹೀಗೇ ಆಯಿತು. ಅಪ್ಪನ ಹಳೆಯ ಕಾರ್ಡಿನಲ್ಲಿ ಎಬಿ ಎಂದು ಬರೆದಿತ್ತು, ಮಗನದು ಒ. ಎಬಿ ಅಪ್ಪನಿಗೆ ಒ ಮಗು ಸಾಮಾನ್ಯವಾಗಿ ಹುಟ್ಟುವುದಿಲ್ಲ ಎಂದು ಮಗ ಶಾಲೆಯಲ್ಲಿ ಕಲಿತು ಬಂದು ಊಟದ ಹೊತ್ತಿಗೆ ಕೇಳಿದ. ಎರಡು ತಿಂಗಳು ಆ ಮನೆಯಲ್ಲಿ ಸರಿಯಾಗಿ ಮಾತಿಲ್ಲ. ಕೊನೆಗೆ ನಾನೇ ಕರೆದುಕೊಂಡು ಹೋಗಿ ಮತ್ತೆ ಪರೀಕ್ಷೆ ಮಾಡಿಸಿದೆ. ಅಪ್ಪನದು ಬಿ. ಕಾರ್ಡೇ ತಪ್ಪು. ಆ ಎರಡು ತಿಂಗಳು ಅವರ ತಾಯಿ ಪಟ್ಟ ಸಂಕಟ ನಾನು ಕಣ್ಣಾರೆ ನೋಡಿದ್ದೇನೆ.

ಪಿಯುಸಿ ಹುಡುಗಿ · ರಾತ್ರಿ 10:20

"ಸಾಮಾನ್ಯವಾಗಿ" ಅಂದ್ರಲ್ಲ, ಹಾಗಾದರೆ ಕೆಲವು ಸಲ ಆಗುತ್ತದಾ?

ರಕ್ತಪರೀಕ್ಷೆ ಲ್ಯಾಬ್ · ರಾತ್ರಿ 10:34

ಆಗುತ್ತದೆ. ಎ, ಬಿ ಗುರುತು ಕೂರುವುದಕ್ಕೆ ರಕ್ತಕಣದ ಮೇಲೆ ಎಚ್ ಎಂಬ ಒಂದು ತಳಹದಿ ಬೇಕು. ಕೆಲವರಲ್ಲಿ ಅದೇ ಇರುವುದಿಲ್ಲ. ಎ ಅಥವಾ ಬಿ ಜೀನ್ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಒ ಎಂದೇ ಕಾಣುತ್ತದೆ. 1952ರಲ್ಲಿ ಮುಂಬೈಯಲ್ಲಿ ಮೊದಲು ಪತ್ತೆ ಆದದ್ದು, ಹಾಗಾಗಿ ಬಾಂಬೆ ಗ್ರೂಪ್ ಎಂದೇ ಹೆಸರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಅವರಿಗೆ ಮಾಮೂಲಿ ಒ ರಕ್ತ ಕೊಟ್ಟರೂ ಅಪಾಯ. ಬಾಂಬೆ ಗ್ರೂಪಿನವರದ್ದೇ ಬೇಕು.

ಬಂಟ್ವಾಳ ಪುಸ್ತಕ · ರಾತ್ರಿ 10:50

ಟೀಚರ್, ನಾಲಿಗೆ ಮಡಚುವ ಉದಾಹರಣೆ ಬಿಡಿ. ಅದು ಒಂದೇ ಜೀನಿನ ಆಟ ಅಲ್ಲ. 1952ರಲ್ಲೇ ತದ್ರೂಪಿ ಅವಳಿಗಳನ್ನು ನೋಡಿದಾಗ, 33 ಜೋಡಿಯಲ್ಲಿ 7 ಜೋಡಿಯಲ್ಲಿ ಒಬ್ಬರಿಗೆ ಮಡಚಲು ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಜೀನ್ ಒಂದೇ ಇದ್ದೂ ಹೀಗಾದರೆ ಪಾಠ ನಿಲ್ಲುವುದಿಲ್ಲ, ಅಲ್ವಾ? ಕಿವಿಯ ಹಾಲೆಯೂ ಹಾಗೆಯೇ, ಹಲವು ಜೀನ್ ಸೇರಿ ಆಗುವಂಥದ್ದು.

ಕಾಪು ಟೀಚರ್ · ರಾತ್ರಿ 10:58

ಅಯ್ಯೋ, ಹದಿನಾಲ್ಕು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ತಿದ್ದಿದ್ದಕ್ಕೆ ತುಂಬಾ ಉಪಕಾರ ಆಯಿತು. ಹಾಗಾದರೆ ಬೇರೆ ಎಂತ ತೋರಿಸುವುದು? ಮೆಂಡೆಲ್ ಎಂಬ ವಿಜ್ಞಾನಿ ಅನುವಂಶೀಯತೆಯ ಪ್ರಯೋಗ ಮಾಡಿದ ಬಟಾಣಿ ಗಿಡ ನಮ್ಮಲ್ಲಿ ಯಾರೂ ಬೆಳೆಯುವುದಿಲ್ಲ.

ವಿಟ್ಲದ ತೋಟ · ಶನಿವಾರ, ಬೆಳಿಗ್ಗೆ 6:15

ತೆಂಗು ತೋರಿಸಿ ಟೀಚರ್! ನಮ್ಮ ಊರಿನ ಬಟಾಣಿ ಅದೇ.

ನಾನು ಹತ್ತನೇ ತರಗತಿ ಓದಿದವನು. ತಳಿ ವಿಷಯ ಕಲಿತದ್ದು ತೋಟದಲ್ಲಿ. ಹೈಬ್ರಿಡ್ ಮಾಡುವಾಗ ಗೆಂದಾಳಿಯಂಥ ಗಿಡ್ಡ ಮರದ ಹೊಂಬಾಳೆಯಲ್ಲಿ ಗಂಡು ಹೂ ಪೂರ್ತಿ ತೆಗೆದು, ಎತ್ತರದ ಊರ ಮರದ ಪರಾಗ ಹಾಕುತ್ತಾರೆ. ಕಾಯಿ ಆಗಿ ಮೊಳಕೆ ಬಂದ ಮೇಲೆ, ಯಾವುದು ನಿಜವಾಗಿ ಮಿಶ್ರ ಎಂದು ತಿಳಿಯುವುದು ಹೇಗೆ? ಸಸಿಯ ಎಲೆ ದಂಟು ನೋಡಬೇಕು. ಗೆಂದಾಳಿಯ ಪರಾಗವೇ ತಾಗಿದ್ದರೆ ದಂಟು ಕಿತ್ತಳೆ ಬಣ್ಣ. ಹಸಿರು ಕಾಯಿಯ ಎತ್ತರದ ಮರದ್ದು ತಾಗಿದ್ದರೆ ತಾಮ್ರದ ಹಾಗೆ ಕಂದು. ಅಪ್ಪ ಯಾರು ಎಂದು ದಂಟೇ ಹೇಳುತ್ತದೆ. ನರ್ಸರಿಯಲ್ಲಿ ಹೀಗೆ ನೋಡಿಯೇ ಸಸಿ ಆರಿಸುತ್ತಾರೆ.

ನಾನು ಮಾಡಿದ ತಪ್ಪು ಕೂಡ ಹೇಳುತ್ತೇನೆ, ಮಕ್ಕಳಿಗೆ ಅದು ಜಾಸ್ತಿ ಉಪಯೋಗ. ಹೈಬ್ರಿಡ್ ಮರ ಚೆನ್ನಾಗಿ ಕಾಯಿ ಬಿಟ್ಟಿತು ಎಂದು ಅದರದ್ದೇ ಕಾಯಿ ಇಟ್ಟು ಆರು ಸಸಿ ಮಾಡಿ ನೆಟ್ಟೆ. ಎಲ್ಲವೂ ತಾಯಿಯ ಹಾಗೆ ಬರುತ್ತದೆ ಎಂದುಕೊಂಡಿದ್ದೆ. ಒಂದೊಂದೂ ಒಂದೊಂದು ತರ ಬಂತು. ಎರಡು ಬೇಗ ಕಾಯಿ ಬಿಟ್ಟಿತು, ಒಂದು ಎಂಟು ವರ್ಷ ಆದರೂ ಬಿಡಲಿಲ್ಲ. ಕಾಯಿ ಗಾತ್ರವೂ ಬೇರೆ ಬೇರೆ. ಎಂಟು ವರ್ಷ ನೀರು, ಗೊಬ್ಬರ ಹಾಕಿದ ಮೇಲೆ ಇದು ತಿಳಿದದ್ದು.

ಬಂಟ್ವಾಳ ಪುಸ್ತಕ · ಬೆಳಿಗ್ಗೆ 7:02

ಅಣ್ಣಾ, ನೀವು ತೋಟದಲ್ಲಿ ನೋಡಿದ್ದನ್ನೇ ಮೆಂಡೆಲ್ ಬಟಾಣಿಯಲ್ಲಿ ನೋಡಿದ್ದು. ಗುಂಡು ಕಾಳು, ಸುಕ್ಕು ಕಾಳು ಸೇರಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ಗುಂಡು. ಅವುಗಳ ಮುಂದಿನ ತಲೆಮಾರಿನಲ್ಲಿ 5474 ಗುಂಡು, 1850 ಸುಕ್ಕು. ಅಡಗಿ ಕೂತದ್ದು ಮೊಮ್ಮಕ್ಕಳಲ್ಲಿ ಎದ್ದು ಬಂತು. 1866ರಲ್ಲಿ ಅಚ್ಚಾದದ್ದನ್ನು 1900ರವರೆಗೆ ಹೆಚ್ಚಿನವರು ಗಮನಿಸಲೇ ಇಲ್ಲ.

ತೆಂಗಿನ ಎತ್ತರ ಗಿಡ್ಡ ಸೇರಿಸುವ ಕೆಲಸವೂ 1930ರ ದಶಕದಲ್ಲಿ ನೀಲೇಶ್ವರದಲ್ಲಿ ಆದದ್ದು. ಆಗ ಅದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಬನ್ಸ್ ಪ್ರೇಮಿ · ಬೆಳಿಗ್ಗೆ 8:10

ಬಿಗ್ ಬ್ಯಾಂಗ್ ಆದ ಜಾಗ ಎಲ್ಲಿ ಎಂಬ ಚೀಟಿಗೆ ನನ್ನ ಉತ್ತರ: ಮಂಗಳೂರು ಬನ್ಸ್. ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಹಾಕಿ ಹಿಟ್ಟು ಕಲಸಿ ರಾತ್ರಿ ಇಡುತ್ತೇವೆ. ಬೆಳಿಗ್ಗೆ ಉಬ್ಬಿರುತ್ತದೆ. ಒಂದು ಜೀರಿಗೆ ಕಾಳಿನ ಮೇಲೆ ನೀವು ಕೂತಿದ್ದೀರಿ ಎಂದುಕೊಳ್ಳಿ. ಹಿಟ್ಟು ಎರಡು ಪಟ್ಟು ಅಗಲ ಆದರೆ, ಒಂದು ಇಂಚು ದೂರ ಇದ್ದ ಕಾಳು ಎರಡು ಇಂಚಿಗೆ ಹೋಯಿತು. ಮೂರು ಇಂಚು ದೂರದ್ದು ಆರು ಇಂಚಿಗೆ ಹೋಯಿತು. ಒಂದೇ ರಾತ್ರಿಯಲ್ಲಿ ದೂರದ ಕಾಳು ಜಾಸ್ತಿ ಓಡಿತು. ಯಾವ ಕಾಳಿನ ಮೇಲೆ ಕೂತರೂ ಹೀಗೇ ಕಾಣುತ್ತದೆ. ಹಬಲ್ ಎಂಬ ಖಗೋಳ ವಿಜ್ಞಾನಿ 1929ರಲ್ಲಿ ಗ್ಯಾಲಕ್ಸಿಗಳಲ್ಲಿ, ಅಂದರೆ ನಕ್ಷತ್ರಗಳ ದೊಡ್ಡ ಗುಂಪುಗಳಲ್ಲಿ, ನೋಡಿದ್ದು ಇದನ್ನೇ.

ಹಂಪನಕಟ್ಟೆ ಫಿಸಿಕ್ಸ್ · ಬೆಳಿಗ್ಗೆ 8:25

ತುಂಬಾ ಒಳ್ಳೆಯದು, ಆದರೆ ಅರ್ಧಕ್ಕೆ ನಿಲ್ಲಿಸಬೇಡಿ. ಹಿಟ್ಟಿಗೆ ನಡು ಇದೆ, ಅಂಚು ಇದೆ, ಹೊರಗೆ ಪಾತ್ರೆ ಇದೆ. ಬ್ರಹ್ಮಾಂಡಕ್ಕೆ ಅಂಥ ನಡು ಇಲ್ಲ. ಖಾಲಿ ಜಾಗದ ಒಳಗೆ ಏನೋ ಸಿಡಿದದ್ದಲ್ಲ, ಜಾಗವೇ ಹಿಗ್ಗಿದ್ದು. ಹಾಗಾಗಿ ಬಿಗ್ ಬ್ಯಾಂಗ್ ಆದದ್ದು ಎಲ್ಲ ಕಡೆಯೂ. ಕಾಪುವಿನಲ್ಲೂ, ಆ ಮಗು ಕೂತ ಬೆಂಚಿನಲ್ಲೂ. ಈ ಮಾತು ಕೇಳಿದಾಗ ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಾರೆ, ನೋಡಿ.

"ಮಹಾಸ್ಫೋಟ" ಎಂಬ ಶಬ್ದದ ಮೇಲೆ ನನಗೆ ಸಿಟ್ಟು ಇದೆ. ಸ್ಫೋಟ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಗರ್ನಾಲು ಪಟಾಕಿ ಬರುತ್ತದೆ. ಬಿಗ್ ಬ್ಯಾಂಗ್ ಎಂಬ ಹೆಸರು ಕೂಡ 1949ರಲ್ಲಿ ರೇಡಿಯೋದಲ್ಲಿ ಹೇಳಿದ್ದು ವಿಜ್ಞಾನಿ ಫ್ರೆಡ್ ಹಾಯ್ಲ್, ಆ ವಾದವನ್ನು ಒಪ್ಪದವರು!

ಬಂಟ್ವಾಳ ಪುಸ್ತಕ · ಬೆಳಿಗ್ಗೆ 8:31

"ಮಹಾ ಹಿಗ್ಗು" ಎನ್ನಬಹುದಲ್ಲ? ಹಿಗ್ಗುವುದು ಎಂದರೆ ದೊಡ್ಡದಾಗುವುದು, ಸಂತೋಷ ಪಡುವುದು ಎರಡೂ ಆಗುತ್ತದೆ.

ಹಂಪನಕಟ್ಟೆ ಫಿಸಿಕ್ಸ್ · ಬೆಳಿಗ್ಗೆ 8:33

ಇದನ್ನು ನಾಳೆಯಿಂದಲೇ ಬಳಸುತ್ತೇನೆ.

ದುಬೈಯ ಉಡುಪಿಯವ · ಬೆಳಿಗ್ಗೆ 8:50

ಬನ್ಸ್ ಪ್ರೇಮಿ, ನನ್ನ ಹಿಟ್ಟು ಇಲ್ಲಿ ಉಬ್ಬುವುದೇ ಇಲ್ಲ. ಸೋಡ ಎಷ್ಟು ಹಾಕುತ್ತೀರಿ?

ಬನ್ಸ್ ಪ್ರೇಮಿ · ಬೆಳಿಗ್ಗೆ 8:58

ಒಂದು ಚಿಟಿಕೆ ಸಾಕು. ಹಣ್ಣು ಸರಿಯಾಗಿ ಕಳಿತಿರಬೇಕು, ಸಿಪ್ಪೆ ಕಪ್ಪಾಗುವಷ್ಟು. ಎಸಿ ಕೋಣೆಯಲ್ಲಿ ಇಡಬೇಡಿ.

ವಿಟ್ಲದ ತೋಟ · ಬೆಳಿಗ್ಗೆ 9:05

ಬಾಳೆಯ ಮಾತು ಬಂತಲ್ಲ, ಅದನ್ನೂ ಪಾಠಕ್ಕೆ ಸೇರಿಸಿ. ಬಾಳೆಗೆ ಬೀಜ ಇಲ್ಲ, ಬುಡದಲ್ಲಿ ಏಳುವ ಮರಿ, ಅಂದರೆ ಕಂದು, ನೆಡುತ್ತೇವೆ. ಕಂದು ತಾಯಿಯ ತದ್ರೂಪ. ಶಂಕರಪುರದ ಮಲ್ಲಿಗೆಯೂ ಗೆಲ್ಲು ನೆಟ್ಟು ಮಾಡುವುದು. ಹಾಗಾಗಿ ರೋಗ ಬಂದರೆ ಎಲ್ಲದಕ್ಕೂ ಒಟ್ಟಿಗೆ ಬರುವ ಭಯ. ಮಲ್ಲಿಗೆ ಕಟ್ಟುವ ಮನೆಯ ಮಕ್ಕಳು ನಿಮ್ಮಲ್ಲಿ ಇದ್ದೇ ಇರುತ್ತಾರೆ, ಅವರನ್ನೇ ಕೇಳಿ.

ಮೂಲ್ಕಿ ಅಮ್ಮ · ಬೆಳಿಗ್ಗೆ 9:20

ನನಗೆ ಬಹಳ ದಿನದಿಂದ ಒಂದು ಪ್ರಶ್ನೆ. ನಮ್ಮಲ್ಲಿ ಬಳಿ, ಅಂದರೆ ಗೋತ್ರದ ಹಾಗೆ ಇರುವ ಕುಲದ ಗುರುತು, ಬರುವುದು ಅಮ್ಮನ ಕಡೆಯಿಂದ. ಅಳಿಯಸಂತಾನದ ಮನೆ ನಮ್ಮದು. ಇದಕ್ಕೂ ಜೀನ್‌ಗೂ ಸಂಬಂಧ ಉಂಟಾ?

ಪಿಯುಸಿ ಹುಡುಗಿ · ಬೆಳಿಗ್ಗೆ 9:48

ಆಂಟಿ, ಇದು ನನಗೆ ತುಂಬಾ ಇಷ್ಟದ ವಿಷಯ! ನಮ್ಮ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇದೆಯಲ್ಲ, ಅದಕ್ಕೆ ಅದರದ್ದೇ ಸಣ್ಣ ಡಿಎನ್‌ಎ ಇದೆ. 37 ಜೀನ್ ಮಾತ್ರ. ಅದು ಬರುವುದು ಅಮ್ಮನಿಂದ. ಅಮ್ಮನಿಗೆ ಅಜ್ಜಿಯಿಂದ, ಅಜ್ಜಿಗೆ ಅವರ ಅಮ್ಮನಿಂದ. ಬಳಿ ಹೋಗುವ ದಾರಿಯೂ ಅದೇ. ಸೋದರಮಾವನಲ್ಲೂ ಅಳಿಯನಲ್ಲೂ ಒಂದೇ ಮೈಟೊಕಾಂಡ್ರಿಯಾ. ಮಾವನ ಸ್ವಂತ ಮಕ್ಕಳಿಗೆ ಮಾವನದ್ದು ಹೋಗುವುದಿಲ್ಲ, ಅತ್ತೆಯದ್ದು ಹೋಗುತ್ತದೆ. ಇದು ಓದಿದ ದಿನ ನಾನು ಅಜ್ಜಿಯ ಕೈ ಹಿಡಿದುಕೊಂಡು ಹೇಳಿದ್ದೆ.

ದುಬೈಯ ಉಡುಪಿಯವ · ಬೆಳಿಗ್ಗೆ 10:02

ನೋಡಿ, ನಮ್ಮ ಹಿರಿಯರಿಗೆ ಡಿಎನ್‌ಎ ಆಗಲೇ ಗೊತ್ತಿತ್ತು!

ರಕ್ತಪರೀಕ್ಷೆ ಲ್ಯಾಬ್ · ಬೆಳಿಗ್ಗೆ 10:15

ಇಲ್ಲ ಮಾರಾಯ್ರೆ, ಹಾಗೆ ಹೇಳಬೇಡಿ, ಮಕ್ಕಳ ಮುಂದೆ ಅಂತೂ ಬೇಡವೇ ಬೇಡ. ದಾರಿ ಒಂದೇ ಆಯಿತು, ಅಷ್ಟೇ. ದತ್ತು ತೆಗೆದುಕೊಂಡರೆ ಬಳಿ ಬರುತ್ತದೆ, ಮೈಟೊಕಾಂಡ್ರಿಯಾ ಬರುವುದಿಲ್ಲ. ಉಳಿದ ಸುಮಾರು 20,000 ಜೀನ್ ಬರುವುದು ಅಪ್ಪ ಅಮ್ಮ ಇಬ್ಬರಿಂದಲೂ. ಸೋದರಮಾವನ ಮಗಳ ಬಳಿ ಬೇರೆ, ಮದುವೆ ಆಗಬಹುದು ಎನ್ನುತ್ತೇವೆ. ಆದರೆ ಜೀನ್ ಲೆಕ್ಕದಲ್ಲಿ ಸರಾಸರಿ ಎಂಟನೇ ಒಂದು ಪಾಲು ಇಬ್ಬರಲ್ಲೂ ಒಂದೇ. ಅಡಗಿದ ಕಾಯಿಲೆಯ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಇದನ್ನು ಹತ್ತನೇ ತರಗತಿಯ ಮಕ್ಕಳಿಗೆ ಮೆತ್ತಗೆ ಹೇಳಿಕೊಡಬೇಕು. ಸಂಬಂಧದಲ್ಲಿ ಮದುವೆ ಆದವರ ಮಕ್ಕಳು ಅಲ್ಲೇ ಕೂತಿರುತ್ತಾರೆ, ಅವರಿಗೆ ನೋವಾಗದ ಹಾಗೆ.

ದುಬೈಯ ಉಡುಪಿಯವ · ಬೆಳಿಗ್ಗೆ 10:21

ಸರಿ, ಒಪ್ಪಿದೆ. ದತ್ತಿನ ಮಾತು ನನಗೆ ಹೊಳೆಯಲಿಲ್ಲ.

ಕುಂದಾಪುರ ಪೋಷಕ · ಬೆಳಿಗ್ಗೆ 10:40

ಬಿಗ್ ಬ್ಯಾಂಗ್ ಪರೀಕ್ಷೆಗೆ ಬರುತ್ತದಾ? ಹತ್ತನೇ ತರಗತಿಯಲ್ಲಿ ಅನುವಂಶೀಯತೆ ಇದೆ, ಅದನ್ನೇ ಗಟ್ಟಿ ಮಾಡಿಸಿ. ಆರು ಶನಿವಾರ ಸುಮ್ನೆ ಕಳೆಯುವುದು ಯಾಕೆ?

ಪಿಯುಸಿ ಹುಡುಗಿ · ಬೆಳಿಗ್ಗೆ 11:05

ಅಂಕಲ್, ನಾನು ಹತ್ತನೇಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವಳು. ಬ್ರಹ್ಮಾಂಡಕ್ಕೆ 1380 ಕೋಟಿ ವರ್ಷ ಎಂದು ಬರೆಯುತ್ತಿದ್ದೆ. ಅದು ಹೇಗೆ ಗೊತ್ತಾಯಿತು ಎಂದು ಒಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಿಯುಸಿಗೆ ಬಂದ ಮೇಲೆ ಪಾರಿವಾಳದ ಕಥೆ ಓದಿದೆ. ಆಮೇಲೆ ನನಗೆ ವಿಜ್ಞಾನ ಬೇರೆಯೇ ಆಯಿತು.

ಟೀಚರ್, ಆ ಕಥೆ ಖಂಡಿತ ಹೇಳಿ. 1964ರ ಹೊತ್ತಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ದೊಡ್ಡ ಕೊಂಬಿನಂಥ ಆಂಟೆನಾ ಇಟ್ಟು ಕೆಲಸ ಮಾಡುತ್ತಿದ್ದರು. ಒಂದು ಸಣ್ಣ ಗೊರಗೊರ ನಿಲ್ಲುತ್ತಲೇ ಇರಲಿಲ್ಲ. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಆಕಾಶದ ಯಾವ ಕಡೆ ತಿರುಗಿಸಿದರೂ ಅಷ್ಟೇ. ಒಳಗೆ ಪಾರಿವಾಳ ಗೂಡು ಮಾಡಿದ್ದವು. ಅವನ್ನು ಓಡಿಸಿದರು, ಹಿಕ್ಕೆ ಪೂರ್ತಿ ಒರೆಸಿ ತೆಗೆದರು. ಗೊರಗೊರ ಹಾಗೇ ಇತ್ತು. ಅಲ್ಲಿಂದ ಸ್ವಲ್ಪ ದೂರದ ಪ್ರಿನ್ಸ್‌ಟನ್‌ನಲ್ಲಿ ಇನ್ನೊಂದು ತಂಡ ಅದನ್ನೇ ಹುಡುಕಲು ಯಂತ್ರ ಕಟ್ಟುತ್ತಿತ್ತು! ಬ್ರಹ್ಮಾಂಡಕ್ಕೆ ಸುಮಾರು 3,80,000 ವರ್ಷ ಆದಾಗ ಹೊರಟ ಬೆಳಕು ಅದು. ಹಿಗ್ಗಿ ಹಿಗ್ಗಿ ತಣ್ಣಗಾಗಿ ಈಗ ಮೈನಸ್ 270 ಡಿಗ್ರಿ. 1978ರಲ್ಲಿ ಅವರಿಬ್ಬರಿಗೆ ನೊಬೆಲ್ ಬಂತು.

ಮೊದಲು ಯಾವುದು ಹೇಳುತ್ತೀರಿ ಎನ್ನುವುದು ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಜೀನ್ ಹೇಳಿದರೂ ಬ್ರಹ್ಮಾಂಡ ಹೇಳಿದರೂ, ಯಾರು ಹೇಗೆ ಕಂಡುಹಿಡಿದರು, ಎಲ್ಲಿ ತಪ್ಪಿದರು ಎನ್ನುವುದನ್ನು ಬಿಡಬೇಡಿ.

ಕುಂದಾಪುರ ಪೋಷಕ · ಬೆಳಿಗ್ಗೆ 11:30

ನೀನು ಹೇಳುವುದು ಸರಿ ಮಗಳೇ. ನನ್ನ ಮಗನೂ ಎಲ್ಲ ಬಾಯಿಪಾಠ ಮಾಡುತ್ತಾನೆ, ಅದೇ ಬೇಜಾರು. ಹಳೆಯ ಟಿವಿಯಲ್ಲಿ ಚಾನೆಲ್ ಇಲ್ಲದಾಗ ಚುಕ್ಕಿ ಕುಣಿಯುತ್ತಿತ್ತು. ಅದರಲ್ಲೂ ಈ ಬೆಳಕು ಇತ್ತು ಎಂದು ಕೇಳಿದ ನೆನಪು.

ಹಂಪನಕಟ್ಟೆ ಫಿಸಿಕ್ಸ್ · ಬೆಳಿಗ್ಗೆ 11:34

ಇತ್ತು. ನೂರರಲ್ಲಿ ಒಂದು ಪಾಲಿನಷ್ಟು.

ಮಲ್ಪೆ ಬೋಟ್ · ಮಧ್ಯಾಹ್ನ 1:10

ಬೆಳಕಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ಸಮುದ್ರದಲ್ಲಿ ರಾತ್ರಿ ಕಳೆಯುವವ ನಾನು. ಈಗ ಸಂಜೆ ಕತ್ತಲಾದ ಮೇಲೆ ಸಪ್ತರ್ಷಿಯ ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ಪೂರ್ವದಲ್ಲಿ ಸ್ವಾತಿ ಸಿಗುತ್ತದೆ. ಸ್ವಲ್ಪ ಕೇಸರಿ ಬಣ್ಣ. ಅದರ ಬೆಳಕು ಇಲ್ಲಿಗೆ ಬರಲು ಸುಮಾರು 37 ವರ್ಷ ಬೇಕು. ಮಕ್ಕಳ ಅಪ್ಪ ಅಮ್ಮ ಹುಟ್ಟಿದ ಕಾಲದಲ್ಲಿ ಹೊರಟ ಬೆಳಕು ಇವತ್ತು ಕಣ್ಣಿಗೆ ಬೀಳುತ್ತದೆ.

ತೋನ್ಸೆಪಾರಿಗೂ ಕರೆದುಕೊಂಡು ಹೋಗಿ, ಅಂದರೆ ಮಲ್ಪೆ ಹತ್ತಿರದ ಸೈಂಟ್ ಮೇರಿಸ್ ದ್ವೀಪಕ್ಕೆ. ಮಳೆ ಶುರುವಾದರೆ ಬೋಟ್ ಬಿಡುವುದಿಲ್ಲ, ಮೇ ತಿಂಗಳೊಳಗೆ ಹೋಗಬೇಕು. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆ ಆದ ಕಾಲದ್ದು. ಬಸ್ಸಿನ ಲೆಕ್ಕದಲ್ಲಿ ಉಡುಪಿ ಸ್ಟ್ಯಾಂಡಿಗೆ ಎಷ್ಟು ಮುಂಚೆ?

ಮೂಲ್ಕಿ ಅಮ್ಮ · ಮಧ್ಯಾಹ್ನ 1:22

350 ಮೀಟರ್. ಮಗ ಹೇಳಿದ. ಡೈನೋಸಾರ್ ಆಗ ಇನ್ನೂ ಇದ್ದವು, ಅಲ್ವಾ?

ಮಲ್ಪೆ ಬೋಟ್ · ಮಧ್ಯಾಹ್ನ 1:25

ಹೌದಕ್ಕ, ಇದ್ದವು.

ಬಂಟ್ವಾಳ ಪುಸ್ತಕ · ಮಧ್ಯಾಹ್ನ 2:00

ಮಂಗನ ಚೀಟಿಗೆ ಯಾರೂ ಉತ್ತರ ಕೊಡಲಿಲ್ಲ. ನಾನು ನನ್ನ ದೊಡ್ಡಪ್ಪನ ಮಗನಿಂದ ಹುಟ್ಟಿದ್ದಲ್ಲ. ನಮ್ಮಿಬ್ಬರಿಗೂ ಅಜ್ಜ ಒಬ್ಬರೇ. ಚಿಂಪಾಂಜಿಗೂ ನಮಗೂ ಹಾಗೆಯೇ, ಸುಮಾರು 60-70 ಲಕ್ಷ ವರ್ಷದ ಹಿಂದೆ ಒಂದೇ ಪೂರ್ವಜ. ನಮ್ಮ ಅಂಗಳದ ಮಂಗಗಳು ಇನ್ನೂ ದೂರದ ಸಂಬಂಧ. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದಾಗಿದೆ. ಶನಿವಾರವಾದರೂ ಹೇಳಿ ಟೀಚರ್.

ಇನ್ನೊಂದು. ಉಪಗ್ರಹದ ಯು. ಆರ್. ರಾವ್ ಹುಟ್ಟಿದ್ದು ನಿಮ್ಮ ಹತ್ತಿರದ ಅದಮಾರಿನಲ್ಲಿ, 1932ರಲ್ಲಿ. ಅವರು ಶುರು ಮಾಡಿದ್ದು ಕಾಸ್ಮಿಕ್ ಕಿರಣಗಳ ಸಂಶೋಧನೆಯಿಂದ. 1975ರ ಏಪ್ರಿಲ್ 19ಕ್ಕೆ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಹಾರಿತು. ಮಕ್ಕಳು ಆ ಊರಿನ ದಾರಿಯಲ್ಲೇ ದಿನಾ ಓಡಾಡುತ್ತಾರೆ.

ಕಾಪು ಟೀಚರ್ · ಮುಂದಿನ ಭಾನುವಾರ, ಬೆಳಿಗ್ಗೆ 7:40

ನಿನ್ನೆ ಮೊದಲ ಶನಿವಾರ ಆಯಿತು. ಬಸ್ಸಿನ ಬದಲು 55 ಮೀಟರ್ ತೆಂಗಿನ ನಾರಿನ ಹಗ್ಗ ತಂದು ಶಾಲೆಯ ಮೈದಾನದಲ್ಲಿ ಎಳೆದೆವು. ಒಂದು ಮೀಟರಿಗೆ 25 ಕೋಟಿ ವರ್ಷ. 18 ಮೀಟರ್ ಇರುವಲ್ಲಿ ಒಂದು ಮುರಕಲ್ಲು ಇಟ್ಟೆವು, ಭೂಮಿಗೆ. ಅದರ ಕೆಂಪು ಬಣ್ಣ ಕಬ್ಬಿಣದ್ದು, ಆ ಕಬ್ಬಿಣ ಆದದ್ದು ಭೂಮಿಗಿಂತ ಮುಂಚೆ ನಕ್ಷತ್ರಗಳಲ್ಲಿ ಎಂದೆ. ನಿಮ್ಮ ರಕ್ತದ ಕಬ್ಬಿಣವೂ ಅಲ್ಲಿಯದ್ದೇ ಎಂದೆ. ಒಬ್ಬ ಹುಡುಗ ಬೆರಳಿನ ಗಾಯದ ಪಟ್ಟಿ ಬಿಚ್ಚಿ ನೋಡಿಕೊಂಡ. ರಕ್ತದ ಮಾತು ಬಂದದ್ದೇ ತಡ, ಗ್ರೂಪಿನ ಪ್ರಶ್ನೆ ತಾನಾಗಿ ಬಂತು. ನಾಣ್ಯ ಚಿಮ್ಮಿಸಿದೆವು. 180 ಸಲದಲ್ಲಿ 47 ಸಲ ಒ. ಚೀಟಿ ಹಾಕಿದ್ದು ಯಾರು ಎಂದು ನಾನು ಕೇಳಲಿಲ್ಲ. ಹೊರಡುವಾಗ ಒಬ್ಬಳು ನಿಂತು "ಥ್ಯಾಂಕ್ಸ್ ಟೀಚರ್" ಎಂದು ಓಡಿ ಹೋದಳು.

ಕೊನೆಗೆ ಎಂಟನೇ ತರಗತಿಯವಳೊಬ್ಬಳು ಹಗ್ಗದ ಮಂಗಳೂರು ತುದಿಗೆ ಹೋಗಿ ನಿಂತು ಕೇಳಿದಳು, "ಇದರಿಂದ ಆಚೆ ಎಂತ ಉಂಟು?" ಅದಕ್ಕೆ ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ, ಹುಡುಕುತ್ತಾ ಇದ್ದಾರೆ ಎಂದೆ. ಅವಳು ತುಂಬಾ ಹೊತ್ತು ಅಲ್ಲೇ ನಿಂತಿದ್ದಳು.

ಹಂಪನಕಟ್ಟೆ ಫಿಸಿಕ್ಸ್ · ಬೆಳಿಗ್ಗೆ 7:55

ಅವಳನ್ನು ಪಿಲಿಕುಳದ ತಾರಾಲಯಕ್ಕೆ ಕರೆದುಕೊಂಡು ಬನ್ನಿ ಟೀಚರ್. ಎಲ್ಲರನ್ನೂ ಕರೆದುಕೊಂಡು ಬನ್ನಿ. ಬಸ್ಸಿನ ಬಾಡಿಗೆಗೆ ನಾನು ಪಾಲು ಹಾಕುತ್ತೇನೆ.

ದುಬೈಯ ಉಡುಪಿಯವ · ಬೆಳಿಗ್ಗೆ 8:03

ಉಳಿದದ್ದು ನನ್ನದು.

ವಿಟ್ಲದ ತೋಟ · ಬೆಳಿಗ್ಗೆ 8:20

ಮುಂದಿನ ಶನಿವಾರಕ್ಕೆ ಸಸಿ ತರಲಾ? ಕಿತ್ತಳೆ ದಂಟಿನದ್ದು, ಕಂದು ದಂಟಿನದ್ದು ಎರಡೂ ಇದೆ. ಎಷ್ಟು ಗಂಟೆಗೆ ಬರಬೇಕು?

ಕಾಪು ಟೀಚರ್ · ಬೆಳಿಗ್ಗೆ 8:26

ಮೂರು ಗಂಟೆಗೆ ಬನ್ನಿ ಅಣ್ಣಾ. ಆ ಎಂಟು ವರ್ಷ ಕಾಯಿ ಬಿಡದ ಮರದ ಫೋಟೋ ಇದ್ದರೆ ಅದನ್ನೂ ತನ್ನಿ.